ಬಿಳಿ ಪುಟ

ನಮ್ಮ ಊರಿನ ಆಸ್ಪತ್ರೆಯಲ್ಲಿ ಹಳೆಯ ದಾಖಲೆಯ ಪ್ರತಿ ಬೇಕೆಂದರೆ ಪುಟವೊಂದಕ್ಕೆ ಒಂದು ಹಗಲು ಕೊಡಬೇಕು. ಆ ಪುಟದಲ್ಲಿರುವ ಕಾಯಿಲೆ ಮರುದಿನ ಸೂರ್ಯ ಹುಟ್ಟಿದ ಮೇಲೆ ಮೈಗೆ ಬರುತ್ತದೆ, ಸೂರ್ಯ ಮುಳುಗುವಾಗ ಹೋಗುತ್ತದೆ. ದೊಡ್ಡವರ ದಾಖಲೆಗೆ ಅವರವರೇ ಕೊಡಬೇಕು, ಮಕ್ಕಳದ್ದಾದರೆ ತಾಯಿ ಅಥವಾ ತಂದೆ. ಎಕ್ಸ್-ರೇ ಅಂಟಿಸಿದ್ದರೆ ಎರಡು ಹಗಲು. ದಾಖಲೆ ಕೋಣೆಯ ಹೊರಗಿನ ನೀಲಿ ಹಲಗೆಯ ಮೇಲೆ ಇಷ್ಟನ್ನೂ ಬರೆದಿದ್ದಾರೆ. ಕೆಳಗೆ ಬೇರೆ ಯಾರದೋ ಕೈಬರಹದಲ್ಲಿ "ಚೌಕಾಸಿ ಮಾಡಬಾರದು" ಎಂದು ಸೇರಿಸಿದ್ದಾರೆ.

ಊರಿನವರು ಇದಕ್ಕೆ ಒಗ್ಗಿಹೋಗಿದ್ದೇವೆ. ದರ್ಜಿ ಅಂಗಡಿಯ ಬಾಗಿಲಿಗೆ ಆಗಾಗ "ಇವತ್ತು ಪುಟ ಇದೆ, ಬ್ಲೌಸು ನಾಳೆ" ಎಂಬ ರಟ್ಟು ನೇತಾಡುತ್ತದೆ. ಶಾಲೆಯ ಮೇಷ್ಟ್ರುಗಳಿಗೆ ವರ್ಷಕ್ಕೆ ಆರು ದಿನ ಪುಟದ ರಜೆ. ಆಸ್ಪತ್ರೆಯ ಒಳ್ಳೆಯ ಡಾಕ್ಟರುಗಳು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯುತ್ತಾರೆ. ಒಂದೇ ಪುಟದಲ್ಲಿ ಮೂರು ಸಲದ ಕಾಯಿಲೆ ಹಿಡಿಸಿದರೆ ಅದರಲ್ಲಿ ಜೋರಾದದ್ದು ಮಾತ್ರ ಬರುತ್ತದೆ, ರೋಗಿಗೆ ಎರಡು ಹಗಲು ಉಳಿಯುತ್ತದೆ. ಅಗಲ ಅಂಚು ಬಿಟ್ಟು ದಪ್ಪಕ್ಷರದಲ್ಲಿ ಬರೆಯುತ್ತಿದ್ದ ಒಬ್ಬ ಡಾಕ್ಟರನ್ನು ನಮ್ಮವರು ಆರು ತಿಂಗಳೂ ನಿಲ್ಲಗೊಡಲಿಲ್ಲ.

ಅರ್ಜಿ ಕೊಟ್ಟವರ ಎಡಗೈ ಮಣಿಕಟ್ಟಿಗೆ ದಾಖಲೆ ಕೋಣೆಯ ಗುಮಾಸ್ತ ತಿಪ್ಪೇಶಪ್ಪ ನೀಲಿ ಮುದ್ರೆ ಒತ್ತುತ್ತಾರೆ. ಹಗಲು ಕೊಟ್ಟು ಮುಗಿದ ಸಂಜೆ ಮುದ್ರೆ ತಾನಾಗಿ ಅಳಿಯುತ್ತದೆ. ಬರಿಗೈ ತೋರಿಸಿದರೆ ಪ್ರತಿ ಕೊಡುತ್ತಾರೆ. ಲಸಿಕೆ ಹಾಕಿಸಿದ್ದು, ತೂಕ ನೋಡಿದ್ದು, ಏನೂ ಇಲ್ಲವೆಂದು ಹೇಳಿ ಕಳಿಸಿದ್ದು, ಇಂಥವನ್ನು ನಾವು ಬಿಳಿ ಪುಟ ಎನ್ನುತ್ತೇವೆ. ಅದಕ್ಕೂ ಮುದ್ರೆ ಬೀಳುತ್ತದೆ, ಆದರೆ ಮನೆ ಮುಟ್ಟುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಏನೂ ನೋಯುವುದಿಲ್ಲ. ಹಾಗೆಂದು ನಾವೆಲ್ಲ ನಂಬಿದ್ದೆವು.

ನನ್ನ ಮಗಳು ಕಸ್ತೂರಿಗೆ ಈಗ ಹದಿನಾರು. ಶ್ರಾವಣ ಮುಗಿಯುವ ಹೊತ್ತಿಗೆ ಕಾಲೇಜಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ನಮ್ಮ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಎಡಗಡೆಯ ಮೂತ್ರಪಿಂಡ ಊದಿಕೊಂಡಿದೆ, ನೀರು ಇಳಿಯುವ ದಾರಿ ಕಟ್ಟಿದೆ, ಇಲ್ಲಿ ಆಗುವುದಿಲ್ಲ ಎಂದರು. ಎರಡು ಗಂಟೆ ಬಸ್ಸಿನ ದಾರಿಯಲ್ಲಿರುವ ದೊಡ್ಡ ಊರಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಆ ಡಾಕ್ಟರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಹುಟ್ಟಿದಾಗಿನಿಂದ ಇರೋ ಎಲ್ಲಾ ದಾಖಲೆ ತನ್ನಿ. ತಡ ಮಾಡಬೇಡಿ."

ಆ ಊರಿನಲ್ಲಿ ಪ್ರತಿಗೆ ದುಡ್ಡು ತೆಗೆದುಕೊಳ್ಳುತ್ತಾರಂತೆ, ಪುಟಕ್ಕೆ ಎರಡು ರೂಪಾಯಿ. ಪಕ್ಕದ ಮನೆಯ ಹಾಲಮ್ಮನಿಗೆ ಹೇಳಿದರೆ ಅವಳು ನಂಬಲೇ ಇಲ್ಲ. "ಬರೀ ದುಡ್ಡಾ? ಹಂಗಾದ್ರೆ ದಾರೀಲಿ ಹೋಗೋರೆಲ್ಲ ಬಂದು ತಗೊಂಡು ಹೋಗ್ತಾರಲ್ಲೇ! ಅದಕ್ಕೇನು ಬೆಲೆ ಬಂತು?"

ನಾನು ಪಾತ್ರೆ ತೊಳೆದಿಟ್ಟು ದಾಖಲೆ ಕೋಣೆಗೆ ಹೋದೆ. ತಿಪ್ಪೇಶಪ್ಪ ಕಡತದ ದಾರ ಬಿಚ್ಚಿ, ಬೆರಳು ನೆಕ್ಕಿ ಪುಟ ತಿರುವಿದರು.

"ಬಾ ಮಂಗಳವ್ವ. ಒಟ್ಟು ಒಂಬತ್ತು ಅದಾವೆ. ಒಂದನೇದು ಹುಟ್ಟಿದ ವಾರದ ಕಾಮಾಲೆ. ಎರಡು, ಸೀತಾಳೆ ಸಿಡುಬು. ಮೂರು, ಮೊಣಕೈ ಜಾರಿದ್ದು, ಎಕ್ಸ್-ರೇ ಐತೆ, ಎರಡು ದಿನ. ನಾಲ್ಕು..." ಕನ್ನಡಕ ಮೇಲೇರಿಸಿದರು. "ನಾಲ್ಕು ಬಿಳಿ ಪುಟ. ರೋಗ ಅನ್ನೋ ಕಡೆ ಬರೀ ಗೀಟು ಎಳೆದವ್ರೆ. ಆರನೇ ಕ್ಲಾಸಿನಾಗೆ ಇದ್ದಾಗಿಂದು."

ಆ ಪುಟ ಯಾವುದೆಂದು ನನಗೆ ಗೊತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂದೂ ಗೊತ್ತಿತ್ತು, ಏಕೆಂದರೆ ಬರೆಸಿದವಳು ನಾನೇ.

"ಅದು ಬೇಡ," ಎಂದೆ.

"ಬಿಟ್ಟಿ ಐತಲ್ಲವ್ವ!"

"ಇರಲಿ. ಏನೂ ಇಲ್ಲದ್ದನ್ನ ಹೊತ್ಕೊಂಡು ಹೋಗಿ ಏನ್ ಮಾಡ್ಲಿ."

"ಜನ ಬಿಳಿ ಪುಟ ಇದ್ರೆ ಇನ್ನೊಂದು ಕೊಡ್ರಿ, ಮನೆಯಾಗೆ ಇರಲಿ ಅಂತಾರೆ. ನೀನೊಬ್ಬಳು ನೋಡು, ಬೇಡ ಅಂತಿ." ತಿಪ್ಪೇಶಪ್ಪ ನಕ್ಕು ಆ ಪುಟದ ಮೊದಲ ಸಾಲು ಓದಲು ಹೊರಟರು. ನಾನು ಕೈ ಚಾಚಿ ಕಡತದ ಮೇಲಿಟ್ಟೆ. ಅವರು ನನ್ನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ಐದನೆಯ ಪುಟಕ್ಕೆ ಹೋದರು.

ಎಂಟು ಪುಟ, ಒಂಬತ್ತು ಹಗಲು. ನನ್ನ ಗಂಡ ಪಾಲಾಕ್ಷ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. "ಒಬ್ಬಳೇ ಯಾಕೆ ಹೊರ್ತಿ, ಎರಡನೇದು ನಂಗೆ ಕೊಡು, ಸಿಡುಬು ತಾನೇ," ಎಂದು ಒಂದು ಶನಿವಾರ ಮುದ್ರೆ ಒತ್ತಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಬರಿ ಚಡ್ಡಿಯಲ್ಲಿ ಬೇವಿನ ಸೊಪ್ಪಿನ ಮೇಲೆ ಹೊರಳಾಡುತ್ತ ಬೀದಿಗೆ ಕೇಳುವಂತೆ ಕೂಗಿಕೊಂಡರು. "ನಾಲ್ಕು ವರ್ಷದ ಕೂಸು ಇದನ್ನ ಹೆಂಗೆ ತಡಕೊಂಡಿತ್ತೇ!" ಕಸ್ತೂರಿ ಬೇವಿನ ಎಸಳಿನಿಂದ ಅಪ್ಪನ ಬೆನ್ನು ಸವರುತ್ತ, "ಕೆರ್ಕೋಬೇಡಪ್ಪ, ಕಲೆ ಉಳಿಯುತ್ತೆ," ಎಂದು ನಾನು ಅವಳಿಗೆ ಹೇಳುತ್ತಿದ್ದ ಮಾತನ್ನೇ ಹೇಳಿದಳು. ಮೂವರೂ ನಕ್ಕೆವು. ಮಿಕ್ಕದ್ದೆಲ್ಲ ನಾನೇ ಹೊತ್ತೆ.

ಹೊರುವುದರಲ್ಲಿ ನನಗೊಂದು ಹೆಸರಿದೆ. ಅತ್ತೆಯ ಕೊನೆಗಾಲದ ಎರಡು ವರ್ಷ ನೋಡಿಕೊಂಡದ್ದಕ್ಕೆ, ಯಾರ ಮೇಲೂ ದನಿ ಎತ್ತದ್ದಕ್ಕೆ, ನಮ್ಮ ಬೀದಿಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವಾಗಲೂ "ಮಂಗಳಕ್ಕನ ತಾಳ್ಮೆ ನೋಡ್ರೇ" ಎನ್ನುತ್ತಾರೆ. ನಾನೂ ಅದನ್ನು ನಂಬಿಕೊಂಡಿದ್ದೆ. ಮೊಣಕೈ ಜಾರಿದ ಎರಡು ದಿನ ಒಂದೇ ಕೈಯಲ್ಲಿ ಮುದ್ದೆ ತಿರುವಿದೆ. ಕಾಮಾಲೆಯ ದಿನ ಹೊಸ ಕೂಸಿನಂತೆ ನಿದ್ದೆ ಹೋದೆ. ಐದರಿಂದ ಎಂಟರವರೆಗಿನ ಪುಟಗಳಲ್ಲಿ ಇದ್ದದ್ದು ಚಳಿಜ್ವರ, ಉರಿಮೂತ್ರ. ಎಂಟನೇ ಕ್ಲಾಸಿನಿಂದ ಅವಳಿಗೆ ಆಗಾಗ ಬರುತ್ತಿದ್ದದ್ದು. "ನೀರು ಕಮ್ಮಿ ಕುಡಿಯುತ್ತಾಳೆ" ಎಂದು ಡಾಕ್ಟರು ಪ್ರತಿ ಸಲ ಬರೆದಿದ್ದರು. ಆ ಹಗಲುಗಳಲ್ಲಿ ಜ್ವರದ ಜೊತೆಗೆ ಎಡಪಕ್ಕೆಯಲ್ಲಿ ಒಂದು ಭಾರ, ಒದ್ದೆ ಬಟ್ಟೆ ಹಿಂಡಿ ಒಳಗಿಟ್ಟಂತೆ, ಇರುತ್ತಿತ್ತು. ಒಂಬತ್ತನೆಯ ಪುಟದಲ್ಲೂ, ಅಂದರೆ ಮೆಟ್ಟಿಲ ಮೇಲೆ ಬಿದ್ದ ದಿನದ ಪುಟದಲ್ಲೂ, ಅದೇ ಭಾರ. ತಡೆಯಬಹುದಾದ ನೋವು. ಇಷ್ಟೇ ತಾನೇ ಎಂದು ನನಗೆ ಒಳಗೊಳಗೆ ಸಮಾಧಾನವಾಯಿತು. ಆ ಸಮಾಧಾನವನ್ನು ಈಗ ನೆನೆದರೆ ತಲೆ ತಗ್ಗುತ್ತದೆ.

ಎಂಟು ಪ್ರತಿಗಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ದೊಡ್ಡ ಊರಿಗೆ ಹೊರಡುವ ಹಿಂದಿನ ಸಂಜೆ ಕಸ್ತೂರಿ ಅದನ್ನು ಬಿಚ್ಚಿ ಒಂದೊಂದೇ ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದೆ. ಪುಟದ ಮೇಲ್ತುದಿಯಲ್ಲಿ ಅಂಕಿ ಇರುತ್ತದೆ. ಮೂರರ ಮೇಲೆ ಐದು ಬಂದಾಗ ಅವಳ ಬೆರಳು ನಿಂತಿತು. ಏನಾದರೂ ಕೇಳುತ್ತಾಳೆಂದು ಕಾದೆ. ಅವಳು ಎಂಟನ್ನೂ ಅಂಚಿಗೆ ಅಂಚು ಕೂಡಿಸಿ, ಮೊದಲಿದ್ದ ಹಾಗೆಯೇ ಗಂಟು ಹಾಕಿದಳು.

ದೊಡ್ಡ ಡಾಕ್ಟರು ಸಣ್ಣ ದನಿಯ ಮನುಷ್ಯ. ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು, ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೋವು ಶುರುವಾಗಿದ್ದು ಯಾವಾಗ?"

"ಆರನೇ..." ಎಂದಳು ಕಸ್ತೂರಿ.

"ಎಂಟನೇ ಕ್ಲಾಸು, ಸಾರ್," ಎಂದೆ ನಾನು. ಅವಳ ಮಾತು ಮುಗಿಯುವ ಮೊದಲೇ ಎಂದೆ. ಅವಳು ಬಾಯಿ ಮುಚ್ಚಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ, ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತ ಕೂತಳು.

ಡಾಕ್ಟರು ಇಬ್ಬರನ್ನೂ ನೋಡಿದರು. "ನೋಡೀಮ್ಮಾ, ಈಗ ಬರ್ತಿರೋದು ಬರೀ ಭಾರದಂಥ ನೋವು. ಅದೇ ನನಗೆ ಚಿಂತೆ. ಮೂತ್ರಪಿಂಡ ಸೋತ ಮೇಲೆ ಹೀಗೆ ಸುಮ್ಮನಾಗುತ್ತೆ. ಶುರುವಿನಲ್ಲಿ ಜೋರಾಗಿ ಕೂಗಿರಬೇಕು. ಆ ಕೂಗು ಯಾವಾಗ ಅಂತ ನನಗೆ ಗೊತ್ತಾಗಬೇಕು. ಎರಡು ಮೂರು ವರ್ಷ ಆಗಿದ್ರೆ ದಾರಿ ಸರಿಮಾಡಿ ಉಳಿಸ್ಕೋಬಹುದು ಅಂತ ನೇರವಾಗಿ ಕೈ ಹಾಕ್ತೀನಿ. ಐದಾರು ವರ್ಷ ಆಗಿದ್ರೆ ಮೊದಲು ಬೇರೆ ಪರೀಕ್ಷೆ ಮಾಡಿ, ಅದರಲ್ಲಿ ಎಷ್ಟು ಜೀವ ಇದೆ ನೋಡಬೇಕು. ಇಲ್ಲದಿದ್ರೆ ಎರಡೆರಡು ಸಲ ಹೊಟ್ಟೆ ಕೊಯ್ಯಬೇಕಾಗುತ್ತೆ." ಬೆರಳಿನಿಂದ ಪುಟ ಸರಿಸಿದರು. "ನಾಲ್ಕನೇದು ಎಲ್ಲಿ?"

"ಅದು ಬಿಳಿ ಪುಟ ಸಾರ್. ಏನೂ ಇಲ್ಲ ಅದರಲ್ಲಿ."

"ಏನೂ ಇಲ್ಲ ಅಂತ ಯಾರು ನೋಡಿದ್ದು?"

ನಾನು ಹಳದಿ ಬಟ್ಟೆಯನ್ನು ಮಡಿಸತೊಡಗಿದೆ.

"ಅದನ್ನ ತನ್ನಿ. ಗುರುವಾರದೊಳಗೆ."

ಬಸ್ಸಿನಲ್ಲಿ ಕಸ್ತೂರಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನಾನು ಕಡಲೆಕಾಯಿ ಬಿಡಿಸಿ ಅವಳ ಅಂಗೈಗೆ ಹಾಕುತ್ತಿದ್ದೆ, ಅವಳು ತಿನ್ನುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಹದಿನಾರರ ಹುಡುಗಿಯರು ತಾಯಂದಿರಿಗೆ ಎಷ್ಟೆಲ್ಲ ಬಯ್ಯುತ್ತಾರೆ. ಹಾಲಮ್ಮನ ಮನೆಯಿಂದ ದಿನವೂ ಕೇಳಿಸುತ್ತಿತ್ತು.

ಮರುದಿನ ತಿಪ್ಪೇಶಪ್ಪ ನನ್ನನ್ನು ನೋಡಿ, "ಬಂದೇನವ್ವ, ಬಿಟ್ಟಿ ಪುಟ ಬೇಡ ಅಂದಾಕಿ," ಎಂದು ಕಡತ ಬಿಚ್ಚಿದರು. ನಾನೇ ಕೇಳಿ ಅದನ್ನು ಓದಿದೆ. ಆಗಿನ ಮುದಿ ಡಾಕ್ಟರಮ್ಮನ ಇರುವೆ ಅಕ್ಷರ. "ಹನ್ನೊಂದು ವರ್ಷ. ಬೆಳಿಗ್ಗೆಯಿಂದ ಹೊಟ್ಟೆನೋವು ಎನ್ನುತ್ತಾಳೆ. ಎಡಪಕ್ಕೆ ಒತ್ತಿದರೆ ಮೈ ಸೆಳೆದುಕೊಳ್ಳುತ್ತಾಳೆ. ಶಾಲೆ ತಪ್ಪಿಸಲು ನಾಟಕ ಎಂದು ತಾಯಿಯ ಹೇಳಿಕೆ. ಪರೀಕ್ಷೆ ಬೇಡವೆಂದರು." ರೋಗ ಎಂಬಲ್ಲಿ ಒಂದು ಗೀಟು.

ತಿಪ್ಪೇಶಪ್ಪ ಮುದ್ರೆ ಒತ್ತಿದರು. "ನಾಳೆ ನಿನ್ನ ಕೆಲಸ ನೀನು ನೋಡ್ಕೋ. ನಾಡಿದ್ದು ಬಂದು ಪ್ರತಿ ತಗೊಂಡು ಹೋಗು."

ಮರುದಿನ ಹಾಲಮ್ಮನ ಮಗಳ ಸೀಮಂತ. ಐವತ್ತು ಜನಕ್ಕೆ ಹೋಳಿಗೆ ನನ್ನ ಪಾಲಿಗೆ ಬಂದಿತ್ತು. ರಾತ್ರಿ ಬೇಳೆ ನೆನೆಹಾಕುವಾಗ ಬಳೆ ಹಿಂದೆ ಸರಿಸಿದರೆ ಮುದ್ರೆ ಇನ್ನೂ ಇತ್ತು. ಸೋಪು ಹಚ್ಚಿ ಉಜ್ಜಿದೆ. ಹೋಗಲಿಲ್ಲ. ಹೊಸ ಶಾಯಿ ಇರಬೇಕು ಎಂದುಕೊಂಡೆ. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವಳು ಹಾಗೆ ಅಂದುಕೊಂಡೆ.

ಬೆಳಿಗ್ಗೆ ಕಸ್ತೂರಿಯನ್ನು ಕಾಲೇಜಿಗೆ ಕಳಿಸಿ, ಹಾಲಮ್ಮನ ಹಿತ್ತಲಿನಲ್ಲಿ ಹೂರಣ ರುಬ್ಬಲು ಕೂತಾಗ ಎಡಪಕ್ಕೆಯಲ್ಲಿ ಏನೋ ಚುಚ್ಚಿತು. ಬಗ್ಗಿ ಕೂತಿದ್ದಕ್ಕೆ ಎಂದುಕೊಂಡೆ. ಎಂಟೂವರೆಗೆ ಅದು ಬೆನ್ನಿನಿಂದ ಹೊಟ್ಟೆಯ ಮುಂಭಾಗಕ್ಕೆ ಬಂದು, ಅಲ್ಲಿಂದ ತೊಡೆಯವರೆಗೆ ಇಳಿಯಿತು. ಲಟ್ಟಣಿಗೆ ಕೈಯಿಂದ ಜಾರಿತು. ನಾನು ಇಬ್ಬರನ್ನು ಹೆತ್ತವಳು, ಒಂದನ್ನು ಕಳೆದುಕೊಂಡವಳು. ಆದರೂ ಇದಕ್ಕೆ ಸಮನಾದದ್ದು ನನ್ನ ಮೈಗೆ ಗೊತ್ತಿರಲಿಲ್ಲ. ಗೋಡೆ ಹಿಡಿದು ಎದ್ದೆ, ನಿಂತರೆ ಇನ್ನೂ ಜಾಸ್ತಿ. ಕೂತೆ, ಕೂರಲೂ ಆಗಲಿಲ್ಲ.

"ಏನಾಯ್ತೇ ಮಂಗಳಕ್ಕ?" ಎಂದಳು ಹಾಲಮ್ಮ.

"ಪುಟ," ಎಂದೆ.

"ಬಿಳಿ ಪುಟ ಅಂದಿದ್ದೆಯಲ್ಲೇ ನಿನ್ನೆ!" ಎಂದಳು. ಕಣಕ ನಾದುತ್ತಿದ್ದ ಅವಳ ನಾದಿನಿ ನಕ್ಕಳು. "ಐವತ್ತು ಜನಕ್ಕೆ ಹೋಳಿಗೆ ಅಂದ್ರೆ ಯಾರಿಗಾದ್ರೂ ಹೊಟ್ಟೆ ನೋಯುತ್ತೆ ಬಿಡು. ಎಂಥಾ ನಾಟಕ ಕಲಿತಿದ್ದೀಯೇ ಅಕ್ಕ!" ಹಿತ್ತಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದಿನವೂ ನಾವು ಒಬ್ಬರಿಗೊಬ್ಬರು ಮಾಡುವ ತಮಾಷೆಯೇ. ನಿಜವಾಗಿ ನೋಯುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅದೂ ನಾಟಕದ ಭಾಗವೆಂದೇ ಕೇಳಿಸುತ್ತದೆ ಎಂದು ಹೊಳೆದು ಸುಮ್ಮನಾದೆ.

ಹೇಗೋ ಮನೆಗೆ ಬಂದು ನಡುಮನೆಯ ನೆಲದ ಮೇಲೆ ಬಿದ್ದುಕೊಂಡೆ. ಎದುರು ಗೋಡೆಯಲ್ಲಿ ಗಡಿಯಾರ. ಒಂಬತ್ತೂ ಇಪ್ಪತ್ತು.

ಐದು ವರ್ಷದ ಹಿಂದೆ ಇದೇ ನಡುಮನೆಯಲ್ಲಿ ಕಸ್ತೂರಿ ಇದೇ ಹೊತ್ತಿಗೆ ಮುದುಡಿ ಮಲಗಿದ್ದಳು. ಅದರ ಹಿಂದಿನ ವಾರ ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಜ್ವರ ಬರಿಸಿಕೊಂಡಿದ್ದಳು, ನಾನು ಹಿಡಿದಿದ್ದೆ. ಆ ದಿನ ಸಮಾಜ ಪರೀಕ್ಷೆ. "ಇವತ್ತು ಈರುಳ್ಳಿ ಎಲ್ಲಿಟ್ಕೊಂಡಿದೀಯಾ?" ಎಂದು ಕೇಳಿ ಅವಳ ಜಡೆ ಹೆಣೆದಿದ್ದೆ. ನಾನು ಕೂಗಾಡಲಿಲ್ಲ, ಹೊಡೆಯಲಿಲ್ಲ. ತಾಳ್ಮೆಯಿಂದ ಮಾಡಿದೆ, ಎಲ್ಲವನ್ನೂ ತಾಳ್ಮೆಯಿಂದಲೇ ಮಾಡಿದೆ.

ಒಂಬತ್ತೂ ಮುಕ್ಕಾಲಿಗೆ ನೋವು ಅಲೆಯಂತೆ ಎದ್ದು ಬಂತು. ಅವತ್ತು ಇದೇ ಹೊತ್ತಿಗೆ ನಾನು ಅವಳ ರಟ್ಟೆ ಹಿಡಿದು ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದೆ. ಹಿಟ್ಟಿನ ಗಿರಣಿಯ ಹತ್ತಿರ ಅವಳು ನೆಲದ ಮೇಲೆ ಕೂತುಬಿಟ್ಟಿದ್ದಳು. ನಾನು ನಗುತ್ತ, "ಏಳು ರಾಣಿ, ಪಲ್ಲಕ್ಕಿ ಬರಲ್ಲ," ಎಂದು ಎಳೆದು ಎಬ್ಬಿಸಿದ್ದೆ. ಗಿರಣಿಯವನೂ ನಕ್ಕಿದ್ದ. ಒಂದು ಗಂಟೆಗೆ ನನಗೆ ವಾಂತಿಯಾಯಿತು. ಅವತ್ತೂ ಒಂದು ಗಂಟೆಗೆ ಶಾಲೆಯ ಆಯಾ ಅವಳನ್ನು ಮನೆಗೆ ಕರೆತಂದು, "ಎರಡು ಸಲ ಕಕ್ಕವ್ಳೆ, ಡಾಕ್ಟರ ಚೀಟಿ ತರಬೇಕಂತೆ," ಎಂದಿದ್ದಳು. ಗಂಟಲಿಗೆ ಬೆರಳು ಹಾಕಿಕೊಂಡಿರಬೇಕು ಎಂದುಕೊಂಡಿದ್ದೆ. ಮೂರಕ್ಕೆ ಆಸ್ಪತ್ರೆಯ ಮಂಚ. ಮುದಿ ಡಾಕ್ಟರಮ್ಮ ಪಕ್ಕೆ ಒತ್ತಿದ ಜಾಗವನ್ನು ಈಗ ನನ್ನ ಪಕ್ಕೆ ತೋರಿಸಿತು, ನಾಲ್ಕು ಬೆರಳಿನ ಗುರುತು ಎಣಿಸಬಹುದು ಎನ್ನುವಷ್ಟು. "ಒಂದು ಪರೀಕ್ಷೆ ಮಾಡಿಬಿಡೋಣವೇನಮ್ಮ?" ಎಂದು ಅವರು ಕೇಳಿದಾಗ ನಾನು, "ಬೇಡ ಡಾಕ್ಟ್ರೇ, ಇವಳ ನಾಟಕ ನಂಗೊತ್ತಿಲ್ವಾ," ಎಂದಿದ್ದೆ. ಆಗ ಮಂಚದ ಮೇಲಿಂದ ಅವಳು ನನ್ನನ್ನು ನೋಡಿದ್ದಳು. ಆ ನೋಟ ಸಿಟ್ಟಿನದ್ದಲ್ಲ. ನಾನು ಹೇಳಿದ್ದು ನಿಜವೇ ಇರಬಹುದೇನೋ, ಇದು ನೋವೇ ಅಲ್ಲವೇನೋ ಎಂದು ತನ್ನನ್ನೇ ಕೇಳಿಕೊಳ್ಳುವಂಥ ನೋಟ.

ಇನ್ನೇನು ಐದಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಏಕೆಂದರೆ ಆ ದಿನ ಸಂಜೆ ಐದಕ್ಕೆ, ನಾನು ಒಗೆದ ಬಟ್ಟೆ ಮಡಿಸುತ್ತಿದ್ದಾಗ, ಅವಳು ಎದ್ದು ಬಂದು, "ಹೋಯ್ತಮ್ಮ, ಈಗೇನೂ ಇಲ್ಲ," ಎಂದಿದ್ದಳು. "ನೋಡಿದೆಯಾ?" ಎಂದು ನಾನು ಗೆದ್ದವಳಂತೆ ಅವಳ ಕೆನ್ನೆ ಹಿಂಡಿ, ಉಪ್ಪಿಟ್ಟು ಕೊಟ್ಟಿದ್ದೆ. ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ತಿಂದಿದ್ದಳು.

ಐದು ಬಾರಿಸಿತು. ನೋವು ಹೋಗಲಿಲ್ಲ. ಐದೂ ಹತ್ತಕ್ಕೆ ಇಡೀ ದಿನದಲ್ಲಿ ಇಲ್ಲದಷ್ಟು ಜೋರಾಯಿತು. ಆ ಹೊತ್ತಿಗೇ ಅವಳು ಉಪ್ಪಿಟ್ಟು ತಿಂದಿದ್ದಳು.

ಕಾಲೇಜಿನಿಂದ ಬಂದ ಕಸ್ತೂರಿ ಬಾಗಿಲಲ್ಲೇ ನಿಂತಳು. ಚೀಲ ಕೆಳಗಿಟ್ಟು ನನ್ನ ಮಣಿಕಟ್ಟು ನೋಡಿದಳು. ಮುದ್ರೆ ಕಡುನೀಲಿಯಾಗಿತ್ತು. ಎಷ್ಟನೆಯ ಪುಟ ಎಂದು ಅವಳು ಕೇಳಲಿಲ್ಲ.

"ಹಂಗಲ್ಲಮ್ಮ," ಎಂದು ಪಕ್ಕ ಕೂತಳು. "ಬೆನ್ನ ಮೇಲೆ ಮಲಗಬೇಡ. ಎಡಕ್ಕೆ ತಿರುಗು. ಮೊಣಕಾಲು ಎದೆ ಹತ್ರ ತಗೋ. ಇನ್ನೂ." ದಿಂಬು ತಂದು ನನ್ನ ಮುಖದ ಹತ್ತಿರ ಇಟ್ಟಳು. "ಅಲೆ ಬಂದಾಗ ಇದರ ಮೂಲೆ ಕಚ್ಕೋ. ಸದ್ದು ಬರಲ್ಲ."

ಅಡುಗೆಯವರು ಅಡುಗೆ ಹೇಳಿಕೊಡುವಷ್ಟು ಸಲೀಸಾಗಿ ಹೇಳಿದಳು. ಈ ಮನೆಯಲ್ಲಿ, ನನ್ನ ಪಕ್ಕದ ಕೋಣೆಯಲ್ಲಿ, ಅವಳು ಎಷ್ಟು ಸಲ ದಿಂಬು ಕಚ್ಚಿದ್ದಳು? ಅವಳ ದಿಂಬಿನ ಮೂಲೆಗಳು ಯಾವಾಗಲೂ ಹರಿದಿರುತ್ತಿದ್ದವು. ನಾನೇ ಕೂತು ತೇಪೆ ಹಾಕುತ್ತಿದ್ದೆ. ಇಲಿ ಕಡಿದಿದೆ ಎಂದು ಬೋನು ಕೂಡ ಇಟ್ಟಿದ್ದೆ.

"ಐದಕ್ಕೆ ಹೋಯ್ತು ಅಂದಿದ್ಯಲ್ಲೇ," ಎಂದೆ. ಉಸಿರು ಸಾಲದೆ ಮಾತು ತುಂಡಾಯಿತು. "ಈಗೇನೂ ಇಲ್ಲ ಅಂದಿದ್ದೆ."

ಅವಳು ನನ್ನ ಬೆನ್ನು ತಿಕ್ಕುತ್ತಿದ್ದಳು. "ಆಸ್ಪತ್ರೆಯಿಂದ ಬಂದಾಗಿಂದ ನೀನು ಬೇಜಾರಲ್ಲಿದ್ದೆ," ಎಂದಳು. "ನಾನು ಹಂಗೆ ಅಂದ ಮೇಲೆ ನೀನು ನಕ್ಕೆ."

ಸೂರ್ಯ ಮುಳುಗಿತು. ದೀಪ ಆರಿಸಿದಂತೆ ನನ್ನ ನೋವು ನಿಂತುಹೋಯಿತು. ಮಣಿಕಟ್ಟು ಬರಿದಾಯಿತು. ಎದ್ದು ಕೂತು ಅವಳ ಮುಖ ನೋಡಲು ಹೋದರೆ, ಅವಳು ಒಂದು ಕೈಯಿಂದ ನನ್ನ ಬೆನ್ನು ತಿಕ್ಕುತ್ತ, ಇನ್ನೊಂದನ್ನು ತನ್ನ ಎಡಪಕ್ಕೆಗೆ ಒತ್ತಿ ಹಿಡಿದಿದ್ದಳು. ಅವಳದ್ದು ಸೂರ್ಯ ಮುಳುಗಿದರೆ ಹೋಗುವಂಥದ್ದಲ್ಲ. ಕ್ಷಮಿಸು ಎಂದು ಹೇಳಬೇಕೆಂದಿದ್ದೆ. ಹೇಳಿದರೆ ಅವಳು, "ಹೋಗ್ಲಿ ಬಿಡಮ್ಮ, ಏನಿಲ್ಲ," ಎನ್ನುತ್ತಾಳೆ, ನನ್ನ ಮುಖದ ಮೇಲೆ ನಗು ಬರಿಸಲು ಇನ್ನೊಂದು ಸಲ ಸುಳ್ಳು ಹೇಳುತ್ತಾಳೆ ಎನಿಸಿ ಬಾಯಿ ಬರಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೆ.

ಮರುದಿನ ತಿಪ್ಪೇಶಪ್ಪ ನನ್ನ ಮುಖ ನೋಡಿ ಪ್ರತಿಯನ್ನು ಎರಡೂ ಕೈಯಲ್ಲಿ ಕೊಟ್ಟರು. "ಹಾಲಮ್ಮ ಹೇಳಿದಳು," ಎಂದರು. "ಮೂವತ್ತು ವರ್ಷ ಆಯ್ತವ್ವ ಇಲ್ಲಿ ಕೂತು. ಗೀಟು ಕಂಡ ಕಡೆಯೆಲ್ಲ ಬಿಳಿ ಅಂತ ಕೊಟ್ಟು ಕಳಿಸಿದೀನಿ. ಎಷ್ಟು ಜನ ಮನೆಗೆ ಹೋಗಿ ಬಿದ್ದರೋ, ಯಾರೂ ನಂಬದೆ ಸುಮ್ಮನಾದರೋ." ಅವರು ಕಡತದ ದಾರ ಕಟ್ಟಿ ಪಕ್ಕಕ್ಕಿಟ್ಟರು.

ಗುರುವಾರ ದೊಡ್ಡ ಡಾಕ್ಟರ ಮುಂದೆ ಆ ಪುಟವನ್ನು ನಾನೇ ಓದಿದೆ. ಅವರು ಕೈ ಚಾಚಿದ್ದರು, ಆದರೂ ಕೊಡದೆ ಓದಿದೆ. ಇರುವೆ ಅಕ್ಷರ, ಅವರಿಗೆ ತಿಳಿಯುತ್ತಿರಲಿಲ್ಲ. "ಪರೀಕ್ಷೆ ಬೇಡವೆಂದರು" ಎನ್ನುವಲ್ಲಿಗೆ ಬಂದಾಗ, "ಅದು ನಾನೇ ಸಾರ್," ಎಂದೆ. "ಐದು ವರ್ಷ ಆಯ್ತು. ಬೆಳಿಗ್ಗೆ ಎಂಟರಿಂದ ಸೂರ್ಯ ಮುಳುಗೋವರೆಗೆ ಇತ್ತು. ವಾಂತಿ ಎರಡು ಸಲ. ಬೆನ್ನಿಂದ ಶುರುವಾಗಿ ತೊಡೆಗೆ ಇಳಿಯುತ್ತೆ." ಪುಟದಲ್ಲಿ ಇಲ್ಲದ್ದನ್ನೂ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೇರೆ ಪರೀಕ್ಷೆ ಬರೆದರು. ಅದರಲ್ಲಿ ಮೂತ್ರಪಿಂಡ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದೆ ಎಂದು ಬಂತು. "ಉಳಿಸೋಕೆ ನೋಡ್ತೀನಿ," ಎಂದರು. ಆ ಮಾತಿಗಿಂತ ಹೆಚ್ಚಿನದನ್ನು ಕೇಳುವ ಹಕ್ಕು ನನಗಿದೆ ಎನಿಸಲಿಲ್ಲ.

ಶಸ್ತ್ರಚಿಕಿತ್ಸೆ ಆಗಿ ಇವತ್ತಿಗೆ ಎರಡನೆಯ ದಿನ. ಬೆಳಿಗ್ಗೆ ಗಂಜಿ ಆರಿಸುತ್ತ ಅವಳ ಮಂಚದ ಪಕ್ಕ ಕೂತಿದ್ದಾಗ ಒಬ್ಬ ನರ್ಸು ಬಂದಳು. ಹೊಸ ಕಡತ, ಮೊದಲನೆಯ ಪುಟ. ಪೆನ್ನು ಸಿದ್ಧಮಾಡಿಕೊಂಡು ನನ್ನನ್ನು ಕೇಳಿದಳು, "ಹೆಂಗಿದಾಳಮ್ಮ ಮಗಳು? ನೋವೇನಾದ್ರೂ ಇದೆಯಾ?"

ಅಭ್ಯಾಸ. ಬಾಯಿ ತೆರೆದೇಬಿಟ್ಟಿದ್ದೆ. ಮುಚ್ಚಿಕೊಂಡೆ.

"ಅವಳನ್ನೇ ಕೇಳಿ," ಎಂದೆ.

ಕಸ್ತೂರಿ ನನ್ನ ಮುಖ ನೋಡಿದಳು. ಯಾವ ಉತ್ತರ ಕೊಟ್ಟರೆ ನನಗೆ ಹಿತವಾಗುತ್ತದೆ ಎಂದು ಅಲ್ಲಿ ಹುಡುಕುತ್ತಿದ್ದಳು, ಐದು ವರ್ಷದಿಂದ ಹುಡುಕಿದ ಹಾಗೆ. ನಾನು ಗಂಜಿಯ ಲೋಟ ತೆಗೆದುಕೊಂಡು ಅವಳಿಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿದೆ. ಹೊರಗೆ ಯಾರೋ ಒಗೆದ ಹಾಸಿಗೆ ಬಟ್ಟೆ ಹರವುತ್ತಿದ್ದರು. ನರ್ಸು ಕಾಯುತ್ತಿದ್ದಳು.

"ನೋಯ್ತಾ ಇದೆ," ಎಂದಳು ನನ್ನ ಮಗಳು. ಆಮೇಲೆ ಇನ್ನೂ ಸ್ವಲ್ಪ ಜೋರಾಗಿ, "ತುಂಬಾ."

ಹಿಂದೆ ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿತು.